ಬರೆದು ತಂದ ಅಸೈನ್‌ಮೆಂಟಿಗೆ ಯಾವ ನಂಬಿಕೆಯಿಂದ ಅಂಕ ಕೊಡಬೇಕು? ಪದವಿ ತರಗತಿಯ ಪಾಠ ಮತ್ತು ಪರೀಕ್ಷೆಯ ಬಗ್ಗೆ ಸಲಹೆ ಬೇಕು

ಪ್ರಶ್ನೆ: ಅರ್ಥಶಾಸ್ತ್ರ ಅಧ್ಯಾಪಕಿ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಪದವಿ ತರಗತಿಗಳಿಗೆ ಅರ್ಥಶಾಸ್ತ್ರ ಕಲಿಸುತ್ತಿದ್ದೇನೆ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷಗಳ ಪದವಿ ಜಾರಿಗೆ ಬಂದ ಮೇಲೆ ನಮ್ಮ ಪತ್ರಿಕೆಗಳಲ್ಲಿ ನೂರಕ್ಕೆ 30 ಅಂಕ ನಿರಂತರ ಮೌಲ್ಯಮಾಪನಕ್ಕೂ 70 ಅಂಕ ಸೆಮಿಸ್ಟರ್ ಕೊನೆಯ ಪರೀಕ್ಷೆಗೂ ಮೀಸಲಾಗಿವೆ. ಆ ಮೂವತ್ತು ಅಂಕಗಳನ್ನು ನಾನು ಮನಸ್ಸಾಕ್ಷಿಗೆ ಒಪ್ಪುವಂತೆ ಕೊಡುತ್ತಿದ್ದೇನೆಯೇ ಎಂಬ ಚಿಂತೆ ಕಳೆದ ಸೆಮಿಸ್ಟರಿನಿಂದ ನನ್ನನ್ನು ಬಿಟ್ಟಿಲ್ಲ.

ನಡೆದದ್ದು ಇಷ್ಟು. ಪೂರೈಕೆಯ ಸ್ಥಿತಿಸ್ಥಾಪಕತ್ವದ, ಅಂದರೆ ಬೆಲೆ ಬದಲಾದಾಗ ಪೂರೈಕೆ ಎಷ್ಟು ಬದಲಾಗುತ್ತದೆಂಬುದರ ಮೇಲೆ ಮನೆಯಲ್ಲಿ ಬರೆದು ತರುವ ಅಸೈನ್‌ಮೆಂಟ್ ಕೊಟ್ಟಿದ್ದೆ. ನಲವತ್ತಾರು ಮಂದಿಯೂ ತಂದರು. ವ್ಯಾಖ್ಯೆ, ಸೂತ್ರ, ನಕ್ಷೆ ಎಲ್ಲವೂ ಅಚ್ಚುಕಟ್ಟಾಗಿದ್ದವು. ಉದಾಹರಣೆ ಮಾತ್ರ ಹೆಚ್ಚಿನವರಲ್ಲಿ ಗೋಧಿ ಮತ್ತು ಕಚ್ಚಾತೈಲದ್ದಾಗಿತ್ತು. ಗೋಧಿ ಬೆಳೆಯದ ಈ ನಾಡಿನ ಮಕ್ಕಳಿಗೆ ಏಕಕಾಲದಲ್ಲಿ ಗೋಧಿಯೇ ಹೊಳೆಯಿತೆಂದರೆ ಅದು ಎಲ್ಲಿಂದ ಬಂದಿರಬಹುದೆಂದು ಹೇಳಬೇಕಾಗಿಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇದು ಎಲ್ಲ ಕಡೆಯ ಕಥೆ ಎಂದು ನನಗೂ ಗೊತ್ತು.

ಒಬ್ಬ ಹುಡುಗನನ್ನು ವರಾಂಡದಲ್ಲಿ ನಿಲ್ಲಿಸಿ, ಅವನು ಬರೆದ ಒಂದು ವಾಕ್ಯದ ಅರ್ಥ ಕೇಳಿದೆ. ತಲೆ ತಗ್ಗಿಸಿದ. ಸುಮ್ಮನೆ ಮಾತು ಬದಲಾಯಿಸಲೆಂದು, "ನಿಮ್ಮಲ್ಲಿ ಈ ಸಲ ಅಡಿಕೆ ಕೊಟ್ಟಾಯಿತೇ?" ಎಂದೆ. "ಇಲ್ಲ ಟೀಚರ್, ಅಪ್ಪ ಹೊಸ ಚಾಲಿ (ಈ ವರ್ಷ ಒಣಗಿಸಿ ಸುಲಿದ ಅಡಿಕೆ) ಕೊಡಲಿಲ್ಲ, ಅಟ್ಟದಲ್ಲಿ ಇಟ್ಟಿದ್ದಾರೆ. ದರ ಇನ್ನೂ ಏರಿದರೆ ಕೊಡುವುದಂತೆ. ದರ ಏರಿತು ಅಂತ ಈಗ ಗಿಡ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕಲ್ಲ" ಎಂದ. ಅಲ್ಪಾವಧಿಯಲ್ಲಿ ದಾಸ್ತಾನು ಹೇಗೆ ಪೂರೈಕೆಯನ್ನು ಬಾಗಿಸುತ್ತದೆ, ದೀರ್ಘಾವಧಿಯ ಬೆಳೆಯಲ್ಲಿ ಉತ್ಪಾದನೆ ಬೆಲೆಗೆ ಏಕೆ ತಡವಾಗಿ ಸ್ಪಂದಿಸುತ್ತದೆ ಎಂಬ ಎರಡು ದಿನದ ಪಾಠವನ್ನು ಆ ಹುಡುಗ ಎರಡು ವಾಕ್ಯಗಳಲ್ಲಿ ಹೇಳಿದ್ದ. ಅವನ ಅಸೈನ್‌ಮೆಂಟಿನಲ್ಲಿ ಅದರ ಒಂದಕ್ಷರವೂ ಇರಲಿಲ್ಲ. ನಾನು ಅದಕ್ಕೆ ಹತ್ತಕ್ಕೆ ಎಂಟು ಕೊಟ್ಟಿದ್ದೆ.

ಅವನು ಬಲ್ಲದ್ದನ್ನು ನಾನು ಕೇಳಲೇ ಇಲ್ಲ. ನಾನು ಕೇಳಿದ್ದನ್ನು ಅವನು ಬರೆಯಲೇ ಇಲ್ಲ. ನನ್ನ ಸಂಕಟ ಇದು.

ಇನ್ನೊಂದು ಸಂಗತಿ ಭಾಷೆಯದು. ಪಾಠಪುಸ್ತಕ ಮತ್ತು ಪರೀಕ್ಷೆ ಇಂಗ್ಲಿಷಿನಲ್ಲಿವೆ. ಮಕ್ಕಳ ಮನೆಮಾತು ತುಳು, ಹವ್ಯಕ ಕನ್ನಡ, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ತರಗತಿಯಲ್ಲಿ ಬಾಯಿ ತೆರೆಯುವುದೇ ಕಡಿಮೆ. ಉಪನ್ಯಾಸವನ್ನು ಕಡಿಮೆ ಮಾಡಿ ಅವರಿಂದ ಮಾತಾಡಿಸುವ, ಹಾಗೆ ಮಾತಾಡಿದ್ದನ್ನು ನ್ಯಾಯವಾಗಿ ಅಳೆಯುವ ಕ್ರಮಗಳನ್ನು ನಿಜವಾಗಿ ಮಾಡಿ ನೋಡಿದವರು ದಯವಿಟ್ಟು ಬರೆಯಿರಿ. ನನ್ನಲ್ಲಿ ಕರಿಹಲಗೆ, ಸೀಮೆಸುಣ್ಣ ಮತ್ತು ವಾರಕ್ಕೆ ನಾಲ್ಕು ಗಂಟೆಗಳಿವೆ. ಪಠ್ಯವನ್ನು ಮುಗಿಸಲೇಬೇಕು, ಕೊಟ್ಟ ಅಂಕಕ್ಕೆ ದಾಖಲೆಯನ್ನೂ ಇಡಬೇಕು.

ಉತ್ತರ 1: ಭೌತಶಾಸ್ತ್ರ ಅಧ್ಯಾಪಕ, ಮಂಜೇಶ್ವರ

ಟೀಚರೇ, ನಿಮ್ಮ ಬರಹ ಓದುವಾಗ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಅವರ ಅನುಭವ ನೆನಪಾಯಿತು. ತಾನು ಚೆನ್ನಾಗಿ ಕಲಿಸುತ್ತೇನೆಂಬ ಭರವಸೆಯಲ್ಲಿದ್ದ ಅವರು 1990ರ ಸುಮಾರಿಗೆ, ಲೆಕ್ಕವೇ ಇಲ್ಲದ, ಬರಿಯ ತಿಳಿವಳಿಕೆಯನ್ನು ಪರೀಕ್ಷಿಸುವ ಬಲ ಮತ್ತು ಚಲನೆಯ ಪ್ರಶ್ನೆಗಳನ್ನು ತಮ್ಮ ವಿದ್ಯಾರ್ಥಿಗಳಿಗೆ ಕೊಟ್ಟರು. ನೀವು ಕಲಿಸಿದ ಹಾಗೆ ಉತ್ತರಿಸಬೇಕೋ, ನಾವು ಯೋಚಿಸುವ ಹಾಗೆ ಉತ್ತರಿಸಬೇಕೋ ಎಂದು ಒಬ್ಬರು ಕೇಳಿದರಂತೆ. ಕಲಿತದ್ದು ಒಂದು ಕೋಣೆಯಲ್ಲಿ, ಯೋಚಿಸುವುದು ಇನ್ನೊಂದು ಕೋಣೆಯಲ್ಲಿ. ನಿಮ್ಮ ವರಾಂಡದ ಹುಡುಗನ ಸ್ಥಿತಿಯೂ ಅದೇ.

1991ರಿಂದ ಮಜೂರ್ ರೂಢಿಸಿಕೊಂಡ ಸಹಪಾಠಿ ಬೋಧನೆಯ ಕ್ರಮವನ್ನು ನಾನು ಏಳು ವರ್ಷಗಳಿಂದ ನನ್ನ ತರಗತಿಗೆ ಹೊಂದಿಸಿಕೊಂಡು ನಡೆಸುತ್ತಿದ್ದೇನೆ. ಹತ್ತು ಹದಿನೈದು ನಿಮಿಷ ಪಾಠ ಮಾಡಿ, ಆಮೇಲೆ ಹಲಗೆಯ ಮೇಲೆ ಒಂದು ಪ್ರಶ್ನೆ ಮತ್ತು ಮೂರು ನಾಲ್ಕು ಉತ್ತರಗಳನ್ನು ಬರೆಯುತ್ತೇನೆ. ಒಂದೆರಡು ನಿಮಿಷ ಯಾರೂ ಮಾತಾಡಬಾರದು. ಪ್ರತಿಯೊಬ್ಬರೂ ತಾವೇ ಯೋಚಿಸಿ ಒಂದು ಉತ್ತರವನ್ನು ಆರಿಸಿಕೊಳ್ಳಬೇಕು. ನಂತರ ಎಲ್ಲರೂ ಒಮ್ಮೆಲೇ ಚೀಟಿ ತೋರಿಸಬೇಕು. ಅಮೆರಿಕದಲ್ಲಿ ಇದಕ್ಕೆ ಕೈಯಲ್ಲಿ ಹಿಡಿಯುವ ಯಂತ್ರವಿದೆ. ನಮ್ಮಲ್ಲಿ ಹಳೆಯ ಮದುವೆ ಕಾಗದಗಳ ಹಿಂಬದಿಯಲ್ಲಿ ಅ, ಆ, ಇ, ಈ ಎಂದು ದಪ್ಪಕ್ಕೆ ಬರೆದ ನಾಲ್ಕು ಚೀಟಿಗಳಿವೆ, ಕೆಲಸ ಅಷ್ಟೇ ಚೆನ್ನಾಗಿ ನಡೆಯುತ್ತದೆ. ಚೀಟಿಯನ್ನು ಎದೆಗೆ ಒತ್ತಿ ಹಿಡಿಯಬೇಕೆಂದು ಹೇಳಿ; ತಲೆಯ ಮೇಲೆ ಎತ್ತಿದರೆ ಹಿಂದಿನ ಬೆಂಚಿನವರು ಮುಂದಿನವರನ್ನು ನೋಡಿ ಬದಲಾಯಿಸಿಕೊಳ್ಳುತ್ತಾರೆ. ಸರಿಯುತ್ತರ ಕೊಟ್ಟವರು ನೂರಕ್ಕೆ ಮೂವತ್ತರಿಂದ ಎಪ್ಪತ್ತರೊಳಗೆ ಇದ್ದರೆ, ಉತ್ತರ ಯಾವುದೆಂದು ಹೇಳದೆ, ನಿಮ್ಮಿಂದ ಬೇರೆಯಾದ ಉತ್ತರ ಹಿಡಿದವರನ್ನು ಹುಡುಕಿ ಒಪ್ಪಿಸಿ ಎಂದು ಬಿಟ್ಟುಬಿಡುತ್ತೇನೆ. ಮೂರು ನಿಮಿಷ ಗದ್ದಲ. ಮತ್ತೆ ಚೀಟಿ, ಆಮೇಲೆ ವಿವರಣೆ. ಮೂವತ್ತಕ್ಕಿಂತ ಕಡಿಮೆಯಿದ್ದರೆ ನನ್ನ ಪಾಠದಲ್ಲೇ ಕೊರತೆಯಿದೆಯೆಂದು ತಿಳಿದು ಪುನಃ ಕಲಿಸುತ್ತೇನೆ. ಎಪ್ಪತ್ತು ದಾಟಿದರೆ ಒಂದು ಮಾತಿನಲ್ಲಿ ವಿವರಿಸಿ ಮುಂದೆ ಹೋಗುತ್ತೇನೆ.

ಪ್ರಶ್ನೆಯಲ್ಲೇ ಎಲ್ಲ ಇದೆ. ನಿಮ್ಮ ಅಟ್ಟದ ಅಡಿಕೆಯನ್ನೇ ತೆಗೆದುಕೊಳ್ಳಿ. ಒಂದು ವಾರದಲ್ಲಿ ಹೊಸ ಚಾಲಿಯ ದರ ಏಕಾಏಕಿ ಏರಿತು. ಆ ವಾರ ಪೇಟೆಗೆ ಬರುವ ಅಡಿಕೆ ಏನಾಗುತ್ತದೆ? ಮರದಲ್ಲಿರುವ ಗೊನೆ ಹೆಚ್ಚಲಾರದು, ಆದ್ದರಿಂದ ಅಷ್ಟೇ ಇರುತ್ತದೆ ಎಂಬುದು ಒಂದು ಉತ್ತರ. ಅಟ್ಟದಲ್ಲಿದ್ದುದು ಹೊರಬರುವುದರಿಂದ ಹೆಚ್ಚುತ್ತದೆ ಎಂಬುದು ಇನ್ನೊಂದು. ಇನ್ನೂ ಏರೀತೆಂದು ಎಲ್ಲರೂ ಕಾಯುವುದರಿಂದ ಕಡಿಮೆಯಾಗುತ್ತದೆ ಎಂಬುದು ಮೂರನೆಯದು. ಮೂರಕ್ಕೂ ಒಂದೊಂದು ಮನೆಯಲ್ಲಿ ಕಾರಣ ಸಿಗುತ್ತದೆ. ಅವರು ವಾದಿಸಿ ದಣಿದ ಮೇಲೆ ನೀವು ಉತ್ಪಾದನೆ, ದಾಸ್ತಾನು, ನಿರೀಕ್ಷೆ ಎಂಬ ಮೂರು ಪದಗಳನ್ನು ಹಲಗೆಯ ಮೇಲೆ ಬರೆದರೆ, ಆ ಪದಗಳಿಗೆ ಕೂರಲು ಜಾಗ ಸಿದ್ಧವಾಗಿರುತ್ತದೆ.

ಒಂದು ಎಚ್ಚರಿಕೆ. ನಾನು ಇದನ್ನು ಆರಂಭಿಸಿದ ಮೊದಲ ಸೆಮಿಸ್ಟರಿನಲ್ಲಿ, ಸರ್ ಪಾಠ ಮಾಡುವುದಿಲ್ಲ, ನಮ್ಮಿಂದಲೇ ಮಾತಾಡಿಸಿ ಗಂಟೆ ಕಳೆಯುತ್ತಾರೆ ಎಂದು ಮಕ್ಕಳು ಮೇಲಿನವರಿಗೆ ದೂರು ಕೊಟ್ಟರು. ಬಹಳ ನೊಂದುಕೊಂಡಿದ್ದೆ. 2019ರಲ್ಲಿ ಹಾರ್ವರ್ಡಿನಲ್ಲೇ ನಡೆದ ಒಂದು ಅಧ್ಯಯನ ಪ್ರಕಟವಾದಾಗ ನನಗೆ ಸಮಾಧಾನವಾಯಿತು: ಚಟುವಟಿಕೆಯ ತರಗತಿಯಲ್ಲಿ ಕುಳಿತವರು ಪರೀಕ್ಷೆಯಲ್ಲಿ ಹೆಚ್ಚು ಕಲಿತಿದ್ದರು, ಆದರೆ ತಾವು ಕಡಿಮೆ ಕಲಿತೆವೆಂದು ಭಾವಿಸಿದ್ದರು. ಸರಾಗವಾದ ಉಪನ್ಯಾಸ ಕೇಳುವಾಗ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ. ತಾನೇ ಯೋಚಿಸುವಾಗ ತಡವರಿಕೆ ಎದ್ದು ಕಾಣುತ್ತದೆ. ಈಗ ನಾನು ಮೊದಲ ದಿನವೇ ಇದನ್ನು ಮಕ್ಕಳಿಗೆ ಬಿಡಿಸಿ ಹೇಳುತ್ತೇನೆ, ಆಮೇಲೆ ದೂರು ಬಂದಿಲ್ಲ. ಮೇಲಿನವರು ಆಧಾರ ಕೇಳಿದರೆ 2014ರ ಇನ್ನೊಂದು ಅಧ್ಯಯನವನ್ನು ತೋರಿಸಬಹುದು. ವಿಜ್ಞಾನ, ತಂತ್ರಜ್ಞಾನ, ಗಣಿತ ವಿಷಯಗಳ 225 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಬರಿಯ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರಾದವರು ಸರಾಸರಿ ಶೇಕಡಾ 33.8, ಚಟುವಟಿಕೆಯ ತರಗತಿಗಳಲ್ಲಿ ಶೇಕಡಾ 21.8 ಇದ್ದರು.

ಪಠ್ಯ ಮುಗಿಯುತ್ತದೆಯೇ ಎಂದರೆ, ಮುಗಿಯುತ್ತದೆ. ಪುಸ್ತಕದಲ್ಲಿ ಓದಿ ತಿಳಿಯಬಹುದಾದುದನ್ನು ತರಗತಿಯಲ್ಲಿ ಹೇಳುವುದನ್ನು ನಾನು ನಿಲ್ಲಿಸಿದ್ದೇನೆ, ಅಷ್ಟೇ.

ಉತ್ತರ 2: ನಿವೃತ್ತ ಕನ್ನಡ ಅಧ್ಯಾಪಕ, ಕುಂಬಳೆ

ಮಾಷ್ಟ್ರು ಹೇಳಿದ ಚೀಟಿಯ ಕ್ರಮವನ್ನು ನಾನು ಒಪ್ಪುತ್ತೇನೆ. ಆದರೆ ಆ ಮೂರು ನಿಮಿಷದ ಗದ್ದಲ ಯಾವ ಭಾಷೆಯಲ್ಲಿ ನಡೆಯಬೇಕೆಂಬುದನ್ನು ಅವರು ಹೇಳಲಿಲ್ಲ. ಈ ಗಡಿನಾಡಿನಲ್ಲಿ ಅದೇ ಮೊದಲ ಮಾತು.

ವೇಲ್ಸಿನಲ್ಲಿ ಕೆನ್ ವಿಲಿಯಮ್ಸ್ ಎಂಬ ಶಿಕ್ಷಣತಜ್ಞರು 1994ರಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಒಂದೇ ಪಾಠದಲ್ಲಿ ಯೋಜಿಸಿ ಬಳಸುವ ಕ್ರಮವನ್ನು ವಿವರಿಸಿದರು: ಒಂದು ಭಾಷೆಯಲ್ಲಿ ಓದುವುದು ಅಥವಾ ಕೇಳುವುದು, ಇನ್ನೊಂದರಲ್ಲಿ ಚರ್ಚಿಸುವುದು ಅಥವಾ ಬರೆಯುವುದು. ಓದಿದ ಭಾಷೆಯಲ್ಲೇ ಬರೆಯುವುದಾದರೆ ಅರ್ಥವಾಗದೆಯೂ ಪದಗಳನ್ನು ಅತ್ತಿಂದಿತ್ತ ಸಾಗಿಸಬಹುದು. ಭಾಷೆ ಬದಲಾಯಿಸಬೇಕಾದಾಗ ಅರ್ಥವನ್ನು ಮುಟ್ಟದೆ ದಾಟಲಾಗುವುದಿಲ್ಲ. ನಮ್ಮ ಮಕ್ಕಳು ಅಂಗಡಿಯಲ್ಲಿ ಮಲಯಾಳ, ತೋಟದಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ದಿನವಿಡೀ ಈ ಕೆಲಸ ಮಾಡುತ್ತಲೇ ಇರುತ್ತಾರೆ. ಕಾಲೇಜಿನ ಮೆಟ್ಟಿಲು ಹತ್ತಿದ ಕೂಡಲೇ ಆ ಶಕ್ತಿಯನ್ನು ನಾವು ಅವರ ಕೊರತೆಯೆಂದು ಎಣಿಸುತ್ತೇವೆ. ಆದ್ದರಿಂದ ಟೀಚರ್, ಇಂಗ್ಲಿಷ್ ಪುಟವನ್ನು ಓದಿಸಿ, ಯಾವ ಭಾಷೆಯಲ್ಲಾದರೂ ಚರ್ಚಿಸಲು ಬಿಡಿ, ಕೊನೆಗೆ ಐದು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ತರಗತಿಯಲ್ಲೇ ಬರೆಸಿ. ಪರೀಕ್ಷೆಗೆ ಬೇಕಾದ ಇಂಗ್ಲಿಷ್ ಹಾಗೆಯೇ ಬರುತ್ತದೆ. ನಿಮಗೆ ಬ್ಯಾರಿ ಬಾರದಿದ್ದರೆ ಚಿಂತೆಯಿಲ್ಲ. ಅವರು ಪರಸ್ಪರ ಮಾತಾಡುವಾಗ ನೀವು ಅಲ್ಲಿ ಇರಬೇಕಾದ ಅಗತ್ಯವಿಲ್ಲ.

ಅಸೈನ್‌ಮೆಂಟಿನ ವಿಷಯ. ಯಂತ್ರ ಬರೆದದ್ದನ್ನು ಹಿಡಿಯುವ ಪತ್ತೇದಾರಿಕೆಗೆ ಇಳಿಯಬೇಡಿ. ಅದನ್ನು ಹಿಡಿಯುತ್ತೇವೆನ್ನುವ ತಂತ್ರಾಂಶಗಳು ಸ್ವಂತವಾಗಿ ಬರೆದ ಮಗುವನ್ನೂ ಕಳ್ಳನೆಂದು ತೋರಿಸುವುದುಂಟು. ಯಂತ್ರಕ್ಕೆ ಗೊತ್ತಿರಲು ಸಾಧ್ಯವೇ ಇಲ್ಲದ್ದನ್ನು ಕೇಳಿ. ಸೇವೆಯಲ್ಲಿದ್ದ ಕೊನೆಯ ವರ್ಷಗಳಲ್ಲಿ ನಾನು ಮಕ್ಕಳಿಗೆ ಅವರ ಊರಿನ ಒಂದು ಸುರಂಗದ ಬಗ್ಗೆ ಬರೆದು ತರಲು ಹೇಳುತ್ತಿದ್ದೆ. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದ ಈ ಸುರಂಗಗಳು ಎಣ್ಮಕಜೆ, ಬಾಯಾರು ಕಡೆಯವರಿಗೆ ಮನೆಯ ಬಾವಿಯಿದ್ದಂತೆ. ಯಾರು ಕೊರೆದರು, ಎಷ್ಟು ಕೋಲು ಉದ್ದ, ಕೂಲಿಯನ್ನು ದಿನದ ಲೆಕ್ಕದಲ್ಲಿ ಕೊಟ್ಟರೋ ಕೋಲಿನ ಲೆಕ್ಕದಲ್ಲಿ ಕೊಟ್ಟರೋ, ಬೇಸಗೆಯಲ್ಲಿ ನೀರು ಎಷ್ಟಕ್ಕಿಳಿಯುತ್ತದೆ, ಕೊಳವೆಬಾವಿ ಬಂದ ಮೇಲೆ ಏನಾಯಿತು? ನನಗೆ ಬೇಕಾಗಿದ್ದುದು ಹಿರಿಯರ ಬಾಯಿಯ ಪದಗಳು. ನಿಮಗೆ ಅದರಲ್ಲಿ ಬಂಡವಾಳ, ಕೂಲಿ, ನೆರೆಮನೆಯೊಂದಿಗೆ ಹಂಚಿಕೊಳ್ಳುವ ಸಂಪನ್ಮೂಲ ಎಲ್ಲವೂ ಸಿಗುತ್ತವೆ. ಹೊಸ ಪಠ್ಯಕ್ರಮದಲ್ಲಿ ಅಧ್ಯಾಪಕರೇ ರೂಪಿಸಬಹುದಾದ ಭಾಗವೊಂದನ್ನು ಇಟ್ಟಿದ್ದಾರಲ್ಲ, ಅದನ್ನು ಇದಕ್ಕೆ ಬಳಸಿ.

ಇನ್ನು ಅಂಕ. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಇಸ್ರೇಲಿನ ಶಾಲಾ ಮಕ್ಕಳ ಮೇಲೆ ನಡೆಸಿದ ಒಂದು ಪ್ರಯೋಗವಿದೆ. ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಟಿಪ್ಪಣಿ ಮಾತ್ರ ಪಡೆದವರು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಕೊಟ್ಟಾಗ ಟಿಪ್ಪಣಿಯ ಲಾಭ ಹೋಯಿತು. ಅವರು ಚಿಕ್ಕ ಮಕ್ಕಳು, ನಿಮ್ಮವರು ಯುವಕರು. ಆದರೂ ಅಂಕ ಕಂಡ ಕೂಡಲೇ ಪುಟ ಮಡಚುವ ಅಭ್ಯಾಸಕ್ಕೆ ವಯಸ್ಸಿಲ್ಲವೆಂಬುದು ನನ್ನ ಮೂವತ್ತು ವರ್ಷಗಳ ಅನುಭವ. ನಾನು ಅಂಕವನ್ನು ನನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಕಾಗದದ ಮೇಲೆ ಎರಡೇ ವಾಕ್ಯ ಬರೆಯುತ್ತಿದ್ದೆ: ಯಾವುದು ನಿಂತಿದೆ, ಯಾವುದು ಕುಸಿದಿದೆ. "ನಿನ್ನ ಅಜ್ಜನ ಮಾತು ಜೀವಂತವಾಗಿದೆ, ಆದರೆ ಎರಡನೆಯ ಪುಟದಲ್ಲಿ ಅವರ ಮಾತು ಮುಗಿದು ನಿನ್ನ ಮಾತು ಎಲ್ಲಿ ಆರಂಭವಾಯಿತೆಂದು ತಿಳಿಯುವುದಿಲ್ಲ." ಒಂದು ವಾರದ ಬಳಿಕ ತಿದ್ದಿ ತಂದವರಿಗೆ ತಿದ್ದಿದ್ದರ ಅಂಕ, ತಿದ್ದದವರಿಗೆ ಹಳೆಯ ಅಂಕ. ಯಾವುದಕ್ಕೆ ಎಷ್ಟು ಅಂಕವೆಂಬ ಪಟ್ಟಿಯನ್ನು ಮೊದಲೇ ಗೋಡೆಗೆ ಅಂಟಿಸಿರುತ್ತಿದ್ದೆ. ಎರಡೂ ಪ್ರತಿಗಳು ಕಡತದಲ್ಲಿದ್ದರೆ ನಿಮ್ಮ ದಾಖಲೆಯ ಅಗತ್ಯವೂ ಮುಗಿಯುತ್ತದೆ.

ಬಾಯಿಪರೀಕ್ಷೆಯೇ ಇದಕ್ಕೆಲ್ಲ ಮದ್ದೆಂದು ಕೆಲವರು ಹೇಳುತ್ತಾರೆ. ಎದುರಿಗೆ ನಿಲ್ಲಿಸಿ ಕೇಳಿದರೆ ನಕಲು ಹೊರಬೀಳುವುದು ನಿಜ. ಆದರೆ ಅಲ್ಲಿ ಧೈರ್ಯಕ್ಕೆ ಅಂಕ ಬೀಳುತ್ತದೆಂಬ ಭಯ ನನಗಿದೆ.

ಉತ್ತರ 3: ಹಳೆಯ ವಿದ್ಯಾರ್ಥಿನಿ, ಪೆರ್ಲ

ನಾನು ಅಧ್ಯಾಪಕಿಯಲ್ಲ. ಕನ್ನಡ ಮಾಧ್ಯಮದಿಂದ ಪದವಿಗೆ ಹೋಗಿ, ಈಗ ಸ್ನಾತಕೋತ್ತರ ಓದು ಮುಗಿಸಿದವಳು. ಬೆಂಚಿನ ಕಡೆಯಿಂದ ಒಂದೆರಡು ಮಾತು ಹೇಳಲು ಅನುಮತಿ ಕೊಡಿ.

ಕುಂಬಳೆಯ ಸರ್ ಹೇಳಿದ ಭಯ ನನಗೆ ಗೊತ್ತು. ಪದವಿಯ ಮೊದಲ ವರ್ಷ ಎಲ್ಲರೆದುರು ಸೆಮಿನಾರ್ ಕೊಡಲು ನಿಲ್ಲಿಸಿದಾಗ, ಚೆನ್ನಾಗಿ ಗೊತ್ತಿದ್ದುದೂ ಗಂಟಲಿನಲ್ಲೇ ಉಳಿಯಿತು. ಅದೇ ವಿಷಯವನ್ನು ಊಟದ ಹೊತ್ತಿನಲ್ಲಿ ಮೂವರು ಗೆಳತಿಯರಿಗೆ ತುಳುವಿನಲ್ಲಿ ವಿವರಿಸಿದ್ದೆ. ಆದರೂ ಬಾಯಿಪರೀಕ್ಷೆ ಪೂರ್ತಿ ಬೇಡವೆಂದು ನಾನು ಹೇಳಲಾರೆ. ನಂತರ ಬಂದ ಒಬ್ಬ ಟೀಚರ್ ಮನೆಯಿಂದ ಬರೆದು ತಂದದ್ದರ ಜೊತೆಗೆ ಕೈಯಲ್ಲಿ ಗೀಚಿದ ಕಚ್ಚಾ ಹಾಳೆಯನ್ನೂ ತರಲು ಹೇಳುತ್ತಿದ್ದರು. ಆ ಹಾಳೆಯನ್ನು ನಡುವೆ ಇಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, "ಇಲ್ಲಿ ಯಾಕೆ ಗೀಟು ಹಾಕಿದೆ?" ಎಂದು ಕೇಳುತ್ತಿದ್ದರು. ನನ್ನದೇ ಗೀಟಿನ ಬಗ್ಗೆ ಮಾತಾಡಲು ನನಗೆ ಭಯವಾಗಲಿಲ್ಲ. ಒಬ್ಬರಿಗೆ ಎರಡು ಮೂರು ನಿಮಿಷ ಸಾಕಾಗುತ್ತಿತ್ತು.

ಗುಂಪು ಕೆಲಸದ ಬಗ್ಗೆಯೂ ಒಂದು ವಿನಂತಿ. ಐವರ ಹೆಸರಿನಲ್ಲಿ ಬರುವ ಪ್ರಾಜೆಕ್ಟನ್ನು ಸಾಮಾನ್ಯವಾಗಿ ಒಬ್ಬಳು ರಾತ್ರಿ ಕೂತು ಮುಗಿಸಿರುತ್ತಾಳೆ. ಬಹಳ ಸಲ ಆ ಒಬ್ಬಳು ನಾನಾಗಿದ್ದೆ, ಆ ನೋವು ಈಗಲೂ ಇದೆ. ಗುಂಪಿನಲ್ಲಿ ಮಾಡಿಸುವುದಾದರೆ ತರಗತಿಯೊಳಗೇ ಮಾಡಿಸಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎರಡು ಹಂತದ ಪರೀಕ್ಷೆ ಬಳಕೆಯಲ್ಲಿದೆ. ಮೊದಲು ಒಬ್ಬೊಬ್ಬರೇ ಬರೆದು ಕಾಗದ ಒಪ್ಪಿಸುತ್ತಾರೆ. ಕೂಡಲೇ ನಾಲ್ವರು ಸೇರಿ ಅದೇ ಪ್ರಶ್ನೆಗಳಿಗೆ ಒಂದು ಉತ್ತರಪತ್ರಿಕೆ ಬರೆಯುತ್ತಾರೆ. ಅಂಕದ ದೊಡ್ಡ ಪಾಲು ಒಂಟಿಯಾಗಿ ಬರೆದದ್ದಕ್ಕೆ, ಸಣ್ಣ ಪಾಲು ಗುಂಪಿನದಕ್ಕೆ. ತಪ್ಪು ಎಲ್ಲಿ ಆಯಿತೆಂದು ಆ ಗಂಟೆಯೊಳಗೇ ಗೊತ್ತಾಗುತ್ತದೆ, ಪರರ ಬೆನ್ನೇರಿ ಹೋಗುವವರಿಗೂ ಅವಕಾಶವಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು ಶುಕ್ರವಾರದ ಹತ್ತು ನಿಮಿಷದ ಕಿರುಪರೀಕ್ಷೆಗಳು. ಪುಸ್ತಕ ಮುಚ್ಚಿ, ಆ ವಾರದ್ದರಲ್ಲಿ ಎರಡು ಪ್ರಶ್ನೆ, ಹಿಂದಿನ ತಿಂಗಳದ್ದರಲ್ಲಿ ಒಂದು ಪ್ರಶ್ನೆ. ಹತ್ತರಲ್ಲಿ ಅತ್ಯುತ್ತಮವಾದ ಆರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದುದರಿಂದ ಒಂದು ದಿನ ಜ್ವರ ಬಂದರೂ, ಬಸ್ಸು ತಪ್ಪಿದರೂ ಆತಂಕವಿರಲಿಲ್ಲ. ಅದರ ಹಿಂದೆ ಇದ್ದ ಕಾರಣ ನನಗೆ ಆಮೇಲೆ ಓದಿನಲ್ಲಿ ಸಿಕ್ಕಿತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಃಶಾಸ್ತ್ರಜ್ಞರು ನಡೆಸಿದ ಪ್ರಯೋಗದಲ್ಲಿ, ಒಂದು ಬರಹವನ್ನು ಎರಡು ಸಲ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಅವರಲ್ಲಿ ಶೇಕಡಾ 42ರಷ್ಟು ಉಳಿದಿತ್ತು. ಒಮ್ಮೆ ಓದಿ, ಮುಚ್ಚಿಟ್ಟು ನೆನಪಿನಿಂದ ಬರೆದವರಲ್ಲಿ ಶೇಕಡಾ 56. ಪರೀಕ್ಷೆಯೆಂದರೆ ಅಳೆಯುವುದಕ್ಕೆ ಮಾತ್ರವೆಂದು ನಾನು ತಿಳಿದಿದ್ದೆ. ನೆನಪಿನಿಂದ ಹೊರತೆಗೆಯುವ ಆ ಶ್ರಮದಲ್ಲೇ ಕಲಿಕೆ ಗಟ್ಟಿಯಾಗುತ್ತಿತ್ತು.

ಪ್ರಶ್ನೆ ಕೇಳಿದವರ ಮರುಬರಹ, ಮೂರು ವಾರಗಳ ನಂತರ

ಮೂವರಿಗೂ ಮನಸಾರೆ ಕೃತಜ್ಞತೆಗಳು. ಎಲ್ಲವನ್ನೂ ಒಮ್ಮೆಲೇ ಹಿಡಿಯಲಿಲ್ಲ. ಮದುವೆ ಕಾಗದದ ಚೀಟಿ ಮತ್ತು ಶುಕ್ರವಾರದ ಹತ್ತು ನಿಮಿಷ, ಈ ಎರಡನ್ನು ಆರಂಭಿಸಿದ್ದೇನೆ.

ಅಡಿಕೆಯ ಪ್ರಶ್ನೆಯನ್ನು ಕಳೆದ ಸೋಮವಾರ ಕೇಳಿದೆ. ಮೊದಲ ಸುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮರದ ಗೊನೆಯ ಉತ್ತರವನ್ನು ಹಿಡಿದರು. ಪುಸ್ತಕದಲ್ಲಿ ಕೃಷಿ ಉತ್ಪನ್ನಗಳ ಪೂರೈಕೆ ಸ್ಥಿತಿಸ್ಥಾಪಕವಲ್ಲವೆಂದು ಇದೆಯಲ್ಲ, ಅದರ ಪ್ರಭಾವ. ಚರ್ಚೆಗೆ ಬಿಟ್ಟಾಗ ವರಾಂಡದ ಹುಡುಗ ತನ್ನ ಬೆಂಚಿನಿಂದ ಎದ್ದು ಹಿಂದಿನ ಸಾಲಿಗೆ ಹೋಗಿ, ತುಳುವಿನಲ್ಲಿ, ಕೈಬೆರಳು ಮಡಚುತ್ತ, ಹೊಸ ಚಾಲಿಗೂ ಹಳೆ ಚಾಲಿಗೂ ಇರುವ ದರದ ಅಂತರವನ್ನು ಲೆಕ್ಕ ಹಾಕಿ ತೋರಿಸುತ್ತಿದ್ದ. ಮಧೂರು ಕಡೆಯ ಒಬ್ಬಳು ಅವನನ್ನು ತಡೆದು, ಸಾಲವಿದ್ದವರು ಕಾಯಲಾರರು, ಅವರು ಒಣಗಿದ ಕೂಡಲೇ ಕೊಡಬೇಕಾಗುತ್ತದೆ ಎಂದಳು. ಈ ಮಾತು ನನ್ನ ಪಾಠದ ಟಿಪ್ಪಣಿಯಲ್ಲಿ ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಇರಲಿಲ್ಲ. ದಾಸ್ತಾನು ಇಡುವ ಶಕ್ತಿ ಎಲ್ಲ ಬೆಳೆಗಾರರಿಗೂ ಒಂದೇ ಅಲ್ಲವೆಂಬುದನ್ನು ಹಲಗೆಯ ಮೇಲೆ ಅವಳಿಂದಲೇ ಬರೆಸಿದೆ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು ಏಕೆಂಬ ಪ್ರಶ್ನೆಗೆ ಅಲ್ಲಿಂದ ನೇರ ದಾರಿಯಿತ್ತು, ಮರುದಿನ ಅದರಿಂದಲೇ ಆರಂಭಿಸಿದೆ.

ತೊಡಕೂ ಇದೆ. ಮಲಯಾಳ ಮಾಧ್ಯಮದಿಂದ ಬಂದ ಏಳೆಂಟು ಮಂದಿ ಒಂದೇ ಕಡೆ ಕೂರುವುದರಿಂದ ಅವರ ಚರ್ಚೆ ಅವರೊಳಗೇ ಉಳಿಯುತ್ತದೆ. ಮುಂದಿನ ವಾರದಿಂದ ಜಾಗ ಬದಲಾಯಿಸಿ ನೋಡುತ್ತೇನೆ. ಅಂಕವನ್ನು ಒಂದು ವಾರ ತಡೆಹಿಡಿಯುವುದಕ್ಕೆ ಸೆಮಿಸ್ಟರಿನ ಈ ಹಂತದಲ್ಲಿ ಸಮಯ ಸಿಗಲಿಲ್ಲ. ಅದನ್ನು ಸುರಂಗದ ಅಸೈನ್‌ಮೆಂಟಿನೊಂದಿಗೆ ಮುಂದಿನ ಸೆಮಿಸ್ಟರಿಗೆ ಇಟ್ಟುಕೊಂಡಿದ್ದೇನೆ. ಕಚ್ಚಾ ಹಾಳೆಯನ್ನು ತರಲು ಈಗಲೇ ಹೇಳಿದ್ದೇನೆ.

ಇಲ್ಲಿಯ ಬದುಕಿನಿಂದ ಎತ್ತಿದ ಚೀಟಿ ಪ್ರಶ್ನೆಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ, ಈವರೆಗೆ ಒಂಬತ್ತಾಗಿವೆ. ಬೇಡಿಕೆ ರೇಖೆಯೇ (ಯಾವ ಬೆಲೆಗೆ ಎಷ್ಟು ಕೊಳ್ಳುತ್ತಾರೆಂದು ತೋರಿಸುವ ಗೆರೆ) ಸರಿಯುವುದಕ್ಕೂ ಅದೇ ರೇಖೆಯ ಮೇಲೆ ಚಲಿಸುವುದಕ್ಕೂ ಇರುವ ವ್ಯತ್ಯಾಸ ನಮ್ಮ ಮಕ್ಕಳಿಗೆ ಪ್ರತಿವರ್ಷ ಕಗ್ಗಂಟಾಗುತ್ತದೆ. ಮೀನಿನ ಪೇಟೆಯ ಉದಾಹರಣೆಯಿಂದ ಅದಕ್ಕೊಂದು ಪ್ರಶ್ನೆ ಕಟ್ಟಲು ಯತ್ನಿಸುತ್ತಿದ್ದೇನೆ: ಮಳೆಗಾಲದ ಟ್ರಾಲಿಂಗ್ ನಿಷೇಧದ ದಿನಗಳಲ್ಲಿ ಬೂತಾಯಿಯ ದರ ಏರಿದಾಗ ಕೋಳಿಮಾಂಸದ ಬೇಡಿಕೆಯಲ್ಲಿ ಆಗುವುದು ಇವೆರಡರಲ್ಲಿ ಯಾವುದು, ಬೂತಾಯಿಯನ್ನು ಕೊಳ್ಳುವ ಪ್ರಮಾಣದಲ್ಲಿ ಆಗುವುದು ಯಾವುದು? ತಪ್ಪು ಉತ್ತರಗಳನ್ನು ಮಕ್ಕಳು ನಿಜವಾಗಿ ನಂಬುವ ಹಾಗೆ ಬರೆಯುವುದು ಕಷ್ಟವಾಗುತ್ತಿದೆ. ವಾಣಿಜ್ಯ ಅಥವಾ ಅರ್ಥಶಾಸ್ತ್ರ ಕಲಿಸುವವರು ಇಲ್ಲಿದ್ದರೆ ಆ ಉತ್ತರಗಳನ್ನು ಬರೆಯಲು ನೆರವಾಗಬೇಕು.